‘ಡಿಸೆಂಟ್’: ಘಾಟಿಗೊಂದು, ಮನೆತನಕ್ಕೊಂದು

ಹೊಯ್ಸಳರ ಕುರಿತ ಇಂಗ್ಲಿಷ್ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಡಿಸೆಂಟ್’ (descent) ಎಂಬ ಪದ ಎರಡು ಕಡೆ ಎರಡು ವೇಷದಲ್ಲಿ ಬಂದಿದೆ. ಕೊಟ್ಟಿಗೆಹಾರದಿಂದಾಚೆ ಚಾರ್ಮಾಡಿ ರಸ್ತೆ ಕೆಳಗಿಳಿಯುವುದನ್ನು ಹೇಳುವಾಗ ಒಮ್ಮೆ, ಹೊಯ್ಸಳರು ತಾವು ಯಾದವರೆಂದು ಹೇಳಿಕೊಂಡದ್ದಕ್ಕೆ ಇನ್ನೊಮ್ಮೆ.

ಮೊದಲನೆಯದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಚಿಕ್ಕಮಗಳೂರಿನವರು ‘ಘಾಟಿ ಇಳಿಯುವುದು’ ಎನ್ನುತ್ತಾರೆ. ನೆಲದ ಓರೆಗೆ ಇಳಿಜಾರು ಇದೆ. ‘ಅವರೋಹಣ’ವನ್ನು ಸಂಗೀತದವರಿಗೇ ಬಿಡೋಣ.

ತೊಡಕು ಎರಡನೆಯದರಲ್ಲಿ. ಈ ಪದದ ಲ್ಯಾಟಿನ್ ಮೂಲದಲ್ಲೇ ಕೆಳಕ್ಕೆ ಇಳಿಯುವ ಅರ್ಥವಿದೆ. ಇಂಗ್ಲಿಷಿನವರ ಹಿರಿಯರು ಮೇಲಿದ್ದಾರೆ, ಮಕ್ಕಳು ಮೊಮ್ಮಕ್ಕಳು ಅಲ್ಲಿಂದ ಕೆಳಗಿಳಿದು ಬರುತ್ತಾರೆ. ನಮ್ಮಲ್ಲಿ ಹಿರಿಯರು ಬೇರು, ಮೂಲ, ಮಕ್ಕಳು ಕುಡಿ. ‘ವಂಶ’ ಎಂಬ ಸಂಸ್ಕೃತ ಪದಕ್ಕೂ ಬಿದಿರು ಎಂಬ ಅರ್ಥವಿದೆ, ಅದೂ ಮೇಲಕ್ಕೇ ಬೆಳೆಯುವಂಥದ್ದು. ಹೊಯ್ಸಳ ಶಾಸನಗಳ ‘ಯಾದವಕುಲಾಂಬರದ್ಯುಮಣಿ’ ಎಂಬ ಬಿರುದನ್ನೇ ನೋಡಿ: ಕುಲವೇ ಆಕಾಶ, ಅರಸ ಅದರಲ್ಲಿ ಬೆಳಗುವ ಸೂರ್ಯ. ಇಳಿಯುವ ಮಾತೇ ಇಲ್ಲ. ಆಸ್ತಿ, ಆಚಾರ, ಕಥೆಗಳು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಾವು. ಮನುಷ್ಯ ಮಾತ್ರ ಅಜ್ಜನಿಂದ ಇಳಿದು ಬರುವುದಿಲ್ಲ. ಹಾಗೆ ಇಳಿದು ಬರುವವನು ದೇವರು, ಅದಕ್ಕೆ ಅವತಾರ ಎಂಬ ಹೆಸರೂ ಇದೆ. (ಮುತ್ತಜ್ಜನನ್ನು ಮೈಮೇಲೆ ಬರಿಸಿಕೊಳ್ಳುವವರ ವಿಷಯ ಬೇರೆ.)

ಹಾಗಾಗಿ ‘ಯದುವಂಶದವರೆಂದು ಹೇಳಿಕೊಂಡರು’ ಎಂದು ಬರೆದು ಮುಂದೆ ಸಾಗಿದ್ದೇನೆ. ‘ಯಾದವರಿಂದ ಇಳಿದವರು’ ಎಂದು ಬರೆದರೆ ಯಾರದೋ ಹೆಗಲಿನಿಂದ ಇಳಿದಂತಾಗುತ್ತದೆ. ಡಾರ್ವಿನ್ 1871ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲೂ ಇದೇ ಪದವಿದೆ. ಅದನ್ನು ‘ಮಾನವನ ಇಳಿಕೆ’ ಎಂದರೆ ಮನುಷ್ಯನ ನಡತೆ ಕೆಟ್ಟ ಕಥೆ ಎಂದುಕೊಂಡಾರು. ‘ಮಾನವನ ಮೂಲ’ ಎಂದರೆ ಅರ್ಥ ಕೂಡುತ್ತದೆ, ಆದರೆ ಹಿಂದಿನದರಿಂದ ಮುಂದಿನದಕ್ಕೆ ಸಾಗಿಬಂದ ಚಲನೆ ಕಳೆದುಹೋಗುತ್ತದೆ.

‘ಭಾರತೀಯ ಮೂಲದ ವಿಜ್ಞಾನಿ’ ಎಂದು ಪತ್ರಿಕೆಗಳು ಬರೆಯುವುದು ಸರಿಯಾಗಿಯೇ ಇದೆ. ನನ್ನನ್ನು ನಿಲ್ಲಿಸಿರುವುದು ಕಾನೂನಿನ ಬಳಕೆ. 1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ‘ಡಿಸೆಂಟ್’ ಮೂಲಕ ಸಿಗುವ ಪೌರತ್ವದ್ದು. ಅಲ್ಲಿ ನೋಡುವುದು ತಂದೆ ಅಥವಾ ತಾಯಿಯ ಪೌರತ್ವವನ್ನು. ‘ವಂಶದ ಮೂಲಕ’ ಎಂದರೆ ಏಳು ತಲೆಮಾರು ಎದ್ದು ಬರುತ್ತದೆ, ‘ಆನುವಂಶಿಕ’ ಎಂದರೆ ಕಾಯಿಲೆಯ ನೆನಪು. ‘ಹೆತ್ತವರ ಮೂಲಕ ಪೌರತ್ವ’ ಎಂದು ಬರೆಯಲು ನನಗೆ ಮನಸ್ಸಿದೆ. ಕಾನೂನು ಬರಹದಲ್ಲಿ ಪಳಗಿದವರು ಇದನ್ನು ಒಪ್ಪುವರೇ?