24 ವೋಲ್ಟ್ ಲಾರಿಗೆ ಸಿಬಿ ರೇಡಿಯೊ ಕೂಡಿಸಬಹುದಾ?

ಸೇಡಂ ಗಾಡಿ:
ನಮಸ್ಕಾರ್ರಿ ಎಲ್ಲರಿಗೂ. ನಮ್ಮದು ನಾಲ್ಕು ಲಾರಿ. ಸೇಡಂನಿಂದ ಸಿಮೆಂಟ್ ತುಂಬಿಕೊಂಡು ಕಲಬುರಗಿ, ಕಮಲಾಪುರ, ಹುಮನಾಬಾದ್ ಮೇಲೆ ಬೀದರ್‌ಗೆ ಹೋಗುತ್ತವೆ. ಸೀಸನ್‌ನಲ್ಲಿ ತೊಗರಿ ಲೋಡೂ ಸಿಗುತ್ತದೆ. ಎರಡು ಮೂರು ಗಾಡಿ ಜೊತೆಗೇ ಹೊರಡುತ್ತವೆ. ಹಿಂದಿನ ಗಾಡಿ ಪಂಕ್ಚರ್ ಆಗಿ ನಿಂತರೆ ಮುಂದಿನವನು ಹುಮನಾಬಾದ್ ಮುಟ್ಟಿ ಚಹಾ ಕುಡಿಯುತ್ತಾ ಕೂತಿರುತ್ತಾನೆ, ಅವನಿಗೆ ಗೊತ್ತೇ ಇರುವುದಿಲ್ಲ. ಫೋನ್ ಕೆಲವು ಕಡೆ ಸಿಗಲ್ಲ, ಸಿಕ್ಕ ಕಡೆ ಎತ್ತಲ್ಲ.

ನಮ್ಮ ಕಾಕಾನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿನ ಟ್ರಕ್‌ನವರು ಇಟ್ಟುಕೊಳ್ಳುವ ಸಿಬಿ ಸೆಟ್ (ಸಿಟಿಜನ್ ಬ್ಯಾಂಡ್, ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊ) ದೀಪಾವಳಿಗೆ ತರ್ತೀನಿ ಅಂತಿದ್ದಾನೆ. ಸೆಟ್ ಮೇಲೆ 13.8 ವೋಲ್ಟ್ ಅಂತ ಬರೆದಿದೆಯಂತೆ. ನಮ್ಮ ಗಾಡಿ 24 ವೋಲ್ಟ್. ಒಂದೇ ಬ್ಯಾಟರಿಯಿಂದ ವೈರ್ ಎಳೆದುಕೊಂಡರೆ ನಡೆಯುತ್ತಾ? ಆಂಟೆನಾ ಎಲ್ಲಿ ಕೂಡಿಸಬೇಕು? ಮಾಡಿದವರು ಯಾರಾದರೂ ಇದ್ದರೆ ಹೇಳ್ರಿ.

ಹುಮನಾಬಾದ್ ವೈರಿಂಗ್:
ಒಂದೇ ಬ್ಯಾಟರಿಯಿಂದ ಎಳೆಯಬೇಡ್ರಿ ಅಣ್ಣಾ. ಹಾಡಿನ ಟೇಪ್ ರೆಕಾರ್ಡರ್ ಹಾಕಿಸುವಾಗ ಎಷ್ಟೋ ಜನ ಇದನ್ನೇ ಮಾಡ್ತಾರೆ, ಆಮೇಲೆ ಬ್ಯಾಟರಿ ಕಂಪನಿಗೆ ಬೈತಾರೆ. ಎರಡು 12 ವೋಲ್ಟ್ ಬ್ಯಾಟರಿ ಸಾಲಾಗಿ ಕೂಡಿದ ಮೇಲೆ ಡೈನಮೋ ಎರಡಕ್ಕೂ ಸೇರಿಸಿ ಚಾರ್ಜ್ ಕೊಡುತ್ತದೆ. ನೀವು ಒಂದರಿಂದ ಮಾತ್ರ ಕರೆಂಟ್ ತೆಗೆದರೆ ಆ ಬ್ಯಾಟರಿ ಹಸಿವಿನಿಂದ ಸಾಯುತ್ತೆ, ಪಕ್ಕದ್ದು ಅಜೀರ್ಣದಿಂದ. 24 ಅನ್ನು 12 ಮಾಡುವ ಕನ್ವರ್ಟರ್ ಬರುತ್ತದೆ, ಅದನ್ನೇ ಹಾಕಿಸಿ. ನಾಲ್ಕು ವ್ಯಾಟ್ ಸೆಟ್ ಮಾತಾಡುವಾಗಲೂ ಎರಡು ಆಂಪ್ ಆಸುಪಾಸು ಎಳೆಯುತ್ತದೆ ಅಷ್ಟೆ. ಐದು ಆಂಪ್‌ನದು ಸಾಕು, ಹತ್ತರದು ಇದ್ದರೆ ಬಿಸಿಯಾಗಲ್ಲ. ನಮ್ಮ ಕಡೆ ಮೇ ತಿಂಗಳ ಬಿಸಿಲಿಗೆ ಡ್ಯಾಶ್‌ಬೋರ್ಡ್ ಮುಟ್ಟೋಕೇ ಆಗಲ್ಲ, ಅದರ ಮೇಲೆ ಕನ್ವರ್ಟರ್ ಇಡಬೇಡ್ರಿ. ಸೀಟಿನ ಹಿಂದೆ ಗಾಳಿ ಆಡುವ ಜಾಗ ನೋಡಿ. ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ. ಸೆಟ್ ಹತ್ತಿರ ಮಾತ್ರ ಹಾಕಿದರೆ ನಡುವೆ ವೈರ್ ಉಜ್ಜಿ ಶಾರ್ಟ್ ಆದಾಗ ಅದು ಏನೂ ಕಾಯಲ್ಲ.

ನಿಜವಾದ ಕೆಲಸ ಇರೋದು ಆಂಟೆನಾದಲ್ಲಿ. ಅದರಲ್ಲೂ ಅರ್ಥ್, ಅಂದರೆ ಆಂಟೆನಾ ಬುಡ ಚಾಸಿಯ ಕಬ್ಬಿಣಕ್ಕೆ ಸರಿಯಾಗಿ ಕೂಡಿರೋದು. ನಿಮ್ಮ ಗಾಡಿ ಕಂಪನಿ ಕ್ಯಾಬಿನ್ನಾ ಅಥವಾ ಚಾಸಿ ತಗೊಂಡು ಇಲ್ಲೇ ಕಟ್ಟಿಸಿದ್ದಾ? ಕಟ್ಟಿಸಿದ್ದಾದರೆ ಒಳಗೆ ಕಟ್ಟಿಗೆ ಫ್ರೇಮ್, ಮೇಲೆ ತಗಡು. ತಗಡಿಗೂ ಚಾಸಿಗೂ ಸರಿಯಾದ ಸಂಬಂಧವೇ ಇರಲ್ಲ. ಕನ್ನಡಿ ಸ್ಟ್ಯಾಂಡಿಗೆ ಆಂಟೆನಾ ಬಿಗಿದು ಅರ್ಥ್ ಆಯ್ತು ಅಂದುಕೊಂಡರೆ ಸುಮ್ನೆ. ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಸ್ಟ್ಯಾಂಡಿಗೆ ಮುಟ್ಟಿಸಿ ನೋಡಿ. ದೀಪ ಮಂಕಾಗಿ ಉರಿದರೆ ಅರ್ಥ್ ಇಲ್ಲ ಅಂತಲೇ ಲೆಕ್ಕ. ಬೋಲ್ಟ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು ತೆಗೆಯಬೇಕು, ಬಿಳಿ ಕಬ್ಬಿಣ ಕಾಣೋವರೆಗೆ. ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿ. ಇಲ್ಲಾಂದ್ರೆ ಮೊದಲ ಮಳೆಗೇ ತುಕ್ಕು. ಅಲ್ಲಿಂದ ಚಾಸಿಗೆ ಅಗಲವಾದ ತಾಮ್ರದ ಪಟ್ಟಿ ಎಳೆಯಿರಿ.

ಆಂಟೆನಾ ಬುಡದಲ್ಲಿ ಸ್ಪ್ರಿಂಗ್ ಇರಲಿ. ರೈಲ್ವೆ ಗೇಟಿನ ಹೈಟ್ ಗೇಜು, ಬೇವಿನ ಕೊಂಬೆ ಯಾವುದೂ ನಿಮ್ಮ ಆಂಟೆನಾ ನೋಡಿ ಪಕ್ಕಕ್ಕೆ ಸರಿಯಲ್ಲ. ಮತ್ತೆ ಆಂಟೆನಾ ಕೂಡಿಸದೆ ಮೈಕ್ ಒತ್ತಬೇಡ್ರಿ. ಸೆಟ್ಟಿನ ಒಳಗಿನ ಟ್ರಾನ್ಸಿಸ್ಟರ್ ಸುಡುತ್ತದೆ.

ಬೀದರ್ ಟು ಟೆಕ್ಸಾಸ್:
ನಾನು ಬೀದರ್‌ನವನು, ಈಗ ಇಲ್ಲಿ ಟ್ರಕ್ ಓಡಿಸ್ತೀನಿ. ಇಲ್ಲಿನ ಗಾಡಿ 12 ವೋಲ್ಟ್, ಹಾಗಾಗಿ ಕನ್ವರ್ಟರ್ ರಗಳೆ ಇಲ್ಲ. ಗಾಜಿನ ಮೇಲ್ಗಡೆ ಶೆಲ್ಫಿನಲ್ಲಿ ಸೆಟ್ಟಿಗೆ ಜಾಗ ಇರುತ್ತದೆ, ಎರಡೂ ಕನ್ನಡಿಗಳ ಹತ್ತಿರ ಒಂದೊಂದು ಆಂಟೆನಾ. ಎಲ್ಲರೂ ಚಾನೆಲ್ 19 ಕೇಳ್ತಾರೆ. ಮುಂದೆ ಆಕ್ಸಿಡೆಂಟ್ ಆಗಿದೆ, ಎಡಗಡೆ ಲೇನ್ ಬಂದ್, ಇಂಥ ಸುದ್ದಿ. ಈಗ ಮೊದಲಿನಷ್ಟು ಮಾತಿಲ್ಲ, ಎಲ್ಲರೂ ಫೋನ್ ಹಿಡಿದಿದ್ದಾರೆ. ನಿಮಗೆ ಅಲ್ಲಿ 19 ಹಚ್ಚಿದರೆ ಬರೀ ಗೊರಗೊರ ಕೇಳಿಸುತ್ತೆ. ಮಾತಾಡೋದು ನಿಮ್ಮ ನಾಲ್ಕು ಗಾಡಿ ಮಾತ್ರ, ಅಲ್ವಾ?

ಕಲಬುರಗಿ ಹ್ಯಾಮ್:
ವೈರಿಂಗ್ ಅಣ್ಣ ಹೇಳಿದ್ದು ಪೂರ್ತಿ ಸರಿ. ಆದರೆ ಪೇಂಟ್ ಕೆರೆಯೋಕೆ ಮುಂಚೆ ಕಾನೂನು ನೋಡಿ. ನಮ್ಮ ದೇಶದಲ್ಲಿ ಸಿಟಿಜನ್ ಬ್ಯಾಂಡ್‌ಗೆ 2005ರಿಂದ ಲೈಸೆನ್ಸ್ ಬೇಡ, ನಿಜ. ಅದು 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, ಐದು ವ್ಯಾಟ್ ಒಳಗೆ, ಆಂಟೆನಾ ಸೆಟ್ಟಿನಲ್ಲೇ ಸೇರಿರಬೇಕು. ಕನ್ನಡಿಗೆ ಉದ್ದದ ಆಂಟೆನಾ ಬಿಗಿದ ಕೂಡಲೇ ಆ ವಿನಾಯಿತಿಯಿಂದ ಹೊರಗೆ ಬಂದಿರಿ. ಅಮೆರಿಕದ ಸೆಟ್ಟಿನಲ್ಲಿ 40 ಚಾನೆಲ್, ಕೊನೆಯದು 27.405. ನಮ್ಮ ಮಿತಿಯೊಳಗೆ ಬರೋದು 27ನೇ ಚಾನೆಲ್‌ವರೆಗೆ ಮಾತ್ರ, 28 ಆಗಲೇ 27.285. ಇನ್ನು ಸೆಟ್ಟಿಗೆ ಡಬ್ಲ್ಯುಪಿಸಿಯ (ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ) ಒಪ್ಪಿಗೆ ಬೇರೆ ಬೇಕು. ನಿಮ್ಮ ತಮ್ಮ ಬ್ಯಾಗಿನಲ್ಲಿ ಹಾಕಿಕೊಂಡು ಬಂದರೆ ಏರ್‌ಪೋರ್ಟಿನಲ್ಲೇ ಕಸ್ಟಮ್ಸ್‌ನವರು ಕೂರಿಸಿಕೊಳ್ಳಬಹುದು.

ಆಂಟೆನಾ ಒಳಗೇ ಇರಲಿ ಅಂದರೆ 27 ಮೆಗಾಹರ್ಟ್ಸ್‌ನಲ್ಲಿ ದೂರ ಹೋಗಲ್ಲ. ಅಲೆಯ ಉದ್ದವೇ 11 ಮೀಟರ್. ಅದರ ಕಾಲು ಭಾಗ ಅಂದರೂ ಒಂಬತ್ತು ಅಡಿ ಕಡ್ಡಿ ಬೇಕು. ಮೂರು ನಾಲ್ಕು ಅಡಿಯ ಆಂಟೆನಾದಲ್ಲಿ ಕಾಯಿಲ್ ಸುತ್ತಿ ಹೇಗೋ ಹೊಂದಿಸಿರುತ್ತಾರೆ. ಅದನ್ನೂ ಮೀಟರ್ ಹಚ್ಚಿ ಟ್ಯೂನ್ ಮಾಡಬೇಕು. ಕೆಳಗಿನ ಚಾನೆಲ್‌ನಲ್ಲಿ ಎಸ್‌ಡಬ್ಲ್ಯೂಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿಲ್ಲ ಅನ್ನೋದರ ಅಳತೆ) ಜಾಸ್ತಿ ಬಂದರೆ ಕಡ್ಡಿ ಗಿಡ್ಡ, ಮೇಲಿನದರಲ್ಲಿ ಜಾಸ್ತಿ ಬಂದರೆ ಉದ್ದ. ಎರಡರ ಒಳಗಿದ್ದರೆ ನಡೆಯುತ್ತೆ, ಮೂರು ದಾಟಿದರೆ ಸೆಟ್ಟಿಗೆ ಅಪಾಯ. ಅಮೆರಿಕದಲ್ಲಿ ಇದೆಲ್ಲ ಟ್ರಕ್ ಸ್ಟಾಪಿನಲ್ಲೇ ಮಾಡಿಕೊಡುವವರಿದ್ದಾರೆ. ಇಲ್ಲಿ ಯಾರನ್ನು ಹುಡುಕ್ತೀರಿ?

ನನ್ನ ಮಾತು ಕೇಳೋದಾದರೆ ಸಿಬಿ ಬಿಡಿ. 446.0ರಿಂದ 446.2 ಮೆಗಾಹರ್ಟ್ಸ್‌ನ ಲೈಸೆನ್ಸ್ ಬೇಡದ ವಾಕಿ ಟಾಕಿ ಬರುತ್ತವೆ. ಕ್ಯಾಬಿನ್ ಒಳಗಿಂದ ಬಯಲು ರಸ್ತೆಯಲ್ಲಿ ಒಂದು ಕಿಲೋಮೀಟರ್ ಸುತ್ತಮುತ್ತ ಸಿಗಬಹುದು, ತಿರುವು ಏರು ಬಂದರೆ ಇನ್ನೂ ಕಡಿಮೆ. ಜೊತೆಯಲ್ಲಿ ಹೋಗುವ ಗಾಡಿಗಳಿಗೆ ಅಷ್ಟು ಸಾಕು. ಕೊಳ್ಳುವಾಗ ಡಬ್ಬಿ ಮೇಲೆ ಫ್ರೀಕ್ವೆನ್ಸಿ ಮತ್ತು ಒಪ್ಪಿಗೆ ನಂಬರ್ ಎರಡೂ ನೋಡಿ. ಯಾವ ಫ್ರೀಕ್ವೆನ್ಸಿಗೆ ಬೇಕಾದರೂ ತಿರುಗುವ ಅಗ್ಗದ ಚೀನಾ ಸೆಟ್ ತಗೋಬೇಡಿ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸಿನ ಪರೀಕ್ಷೆ ಬರೆದುಬಿಡ್ತೀನಿ ಅನ್ನೋರೂ ಇದ್ದಾರೆ. ಬರೆಯಿರಿ, ಖುಷಿ. ಆದರೆ ಹ್ಯಾಮ್ ಬ್ಯಾಂಡಿನಲ್ಲಿ ಬಾಡಿಗೆ, ಲೋಡು, ವ್ಯಾಪಾರದ ಮಾತು ಆಡುವಂತಿಲ್ಲ.

ಸೇಡಂ ಗಾಡಿ:
ತಮ್ಮನಿಗೆ ಬೇಡ ಅಂತ ಮೆಸೇಜ್ ಹಾಕಿದೆ. ಅವನು ಚಾಕಲೇಟ್ ತರಲಿ. 446ದೇ ನೋಡ್ತೀವಿ. ನಮ್ಮ ಎರಡು ಗಾಡಿ ಕಂಪನಿ ಕ್ಯಾಬಿನ್, ಎರಡು ಕಟ್ಟಿಸಿದ್ದು. ಸೆಟ್ ಡ್ರೈವರ್ ಕೈಯಲ್ಲಿ ಹಿಡಿದುಕೊಂಡರೆ ಪೊಲೀಸರು ಹಿಡೀತಾರಾ? ಚಾರ್ಜ್ ಹೇಗೆ ಮಾಡೋದು?

ಕಲಬುರಗಿ ಹ್ಯಾಮ್:
ಹಿಡೀತಾರೆ. ಓಡಿಸುತ್ತಾ ಕೈಯಲ್ಲಿ ಹಿಡಿದು ಮಾತಾಡುವ ಸಾಧನ ಬಳಸಿದರೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್. ಸೆಟ್ ಕ್ಲೀನರ್ ಕೈಯಲ್ಲಿರಲಿ.

ಹುಮನಾಬಾದ್ ವೈರಿಂಗ್:
ಕ್ಲೀನರ್‌ಗೂ ಒಂದು ಕೆಲಸ ಸಿಕ್ಕಿತು, ನಿದ್ದೆ ತಪ್ಪುತ್ತೆ. ಯುಎಸ್‌ಬಿಯಿಂದ ಚಾರ್ಜ್ ಆಗುವ ಸೆಟ್ಟೇ ತಗೊಳ್ರಿ. ಚಾರ್ಜರ್ ಕೊಳ್ಳುವಾಗ ಅದರ ಮೇಲೆ 12–24 ಅಂತ ಇದೆಯಾ ನೋಡಿ. ಬರೀ 12 ಅಂತ ಇದ್ದರೆ ಕಾರಿನದು, ನಿಮ್ಮ ಗಾಡಿಗೆ ಚುಚ್ಚಿದ ಕೂಡಲೇ ಹೋಗುತ್ತೆ. ಕಟ್ಟಿಸಿದ ಎರಡು ಗಾಡಿಯಲ್ಲಿ ಲೈಟರ್ ಸಾಕೆಟ್ ಇರಲಿಕ್ಕಿಲ್ಲ. ಲೋಡ್ ಇಳಿಸಿ ವಾಪಸ್ ಬರುವಾಗ ತಗೊಂಡು ಬರ್ರಿ, ಫ್ಯೂಸ್ ಸಮೇತ ಕೂಡಿಸಿ ಕೊಡ್ತೀನಿ.