ಬಾಕ್ಸಿಂಗ್: ಕೈ ವೇಗ ಬರಬೇಕಾದರೆ ಡಂಬೆಲ್ ಹಿಡಿಯಬೇಕಾ?

ಕುವೆಂಪುನಗರ ಹುಡುಗ (ಮೈಸೂರು):
ನನ್ನ ಹೊಡೆತದಲ್ಲಿ ತೂಕ ಇದೆ, ವೇಗ ಇಲ್ಲ. ಪ್ಯಾಡ್ ಮೇಲೆ ಜಾಬ್-ಕ್ರಾಸ್ (ಮುಂದಿನ ಕೈಯ ನೇರ ಹೊಡೆತ, ಆಮೇಲೆ ಹಿಂದಿನ ಕೈಯದು) ನಿಧಾನ, ಮೂರನೇ ರೌಂಡಿಗೆ ಕೈ ಏಳೋದೇ ಇಲ್ಲ. ಈಗ 2 ಕೆಜಿ ಡಂಬೆಲ್ ಹಿಡಿದು ಶ್ಯಾಡೋ (ಎದುರಾಳಿ ಇಲ್ಲದೆ ಗಾಳಿಯಲ್ಲಿ ಹೊಡೆಯೋದು) ಮಾಡ್ತೀನಿ, ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು. ಇದು ಸರಿಯಾ ಸರ್?

ಎಡಗೈ (ಮಂಡ್ಯ):
ಮೊದಲು ಆ ಡಂಬೆಲ್ ಕೆಳಗಿಡಿ. ನಿಮ್ಮ ಹೊಡೆತ ಮುಂದಕ್ಕೆ ಹೋಗುತ್ತೆ, ಡಂಬೆಲ್ ಎಳೆಯೋದು ಕೆಳಕ್ಕೆ. ದಣಿಯೋದು ಭುಜ ಮಾತ್ರ. ಮೊಣಕೈ ಹೊರಗೆ ತೆರೆಯುತ್ತೆ, ಜೋರಾಗಿ ಚಾಚಿದರೆ ಕೀಲಿಗೂ ಪೆಟ್ಟು.

ವೇಗದ ಕೆಲಸ ಮೈ ಬಿಸಿಯಾದ ಕೂಡಲೇ ಮಾಡಬೇಕು, ಸುಸ್ತಾದ ಮೇಲೆ ಅಲ್ಲ. ಪಂಚಿಂಗ್ ಬ್ಯಾಗ್ ಮೇಲೆ 6ರಿಂದ 8 ಸೆಕೆಂಡ್ ಪೂರ್ತಿ ವೇಗದಲ್ಲಿ ನೇರ ಹೊಡೆತ, ಆಮೇಲೆ ಒಂದು ನಿಮಿಷ ವಿಶ್ರಾಂತಿ. ಹೀಗೆ ಆರು ಸಲ. ಮೂರು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಕೈ ನಿಧಾನವಾಯ್ತು ಅನ್ನಿಸಿದ ಕ್ಷಣ ನಿಲ್ಲಿಸಿ, ಅಲ್ಲಿಂದಾಚೆ ಅದು ದಮ್ಮಿನ ತಾಲೀಮು. ಎಲ್ಲರೂ ಎಡವೋದು ಇಲ್ಲೇ: ಮೂರು ನಿಮಿಷ ಬಿಡದೆ ಬಾರಿಸಿ ಅದನ್ನೇ ಸ್ಪೀಡ್ ಟ್ರೈನಿಂಗ್ ಅಂದುಕೊಳ್ತಾರೆ. ನಿಧಾನದ ಹೊಡೆತವೇ ಕೈಗೆ ರೂಢಿಯಾಗುತ್ತೆ. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಡುವು ಇರಲಿ.

ಪ್ಯಾಡ್ ಹಿಡಿಯುವವ:
ಮೇಲಿನದೆಲ್ಲ ಸರಿ, ಆದರೆ ಬಹಳ ಜನರ ವೇಗ ಹೊಡೆತ ಹೊರಡೋ ಮೊದಲೇ ಸೋರಿಹೋಗಿರುತ್ತೆ. ಫೋನನ್ನು ಪಕ್ಕಕ್ಕಿಟ್ಟು ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆಯಿರಿ. ಜಾಬ್‌ಗೆ ಮೊದಲು ಗ್ಲೌಸ್ ಸ್ವಲ್ಪ ಹಿಂದಕ್ಕೆ ಹೋಗ್ತಿದೆಯಾ? ಭುಜ ಕಿವಿ ಹತ್ತಿರ ಏರಿ ಕೂತಿದೆಯಾ? ಹಿಂದಕ್ಕೆ ಎಳೆದರೆ ಸಮಯವೂ ಹೋಯ್ತು, ಎದುರಾಳಿಗೆ ಸುಳಿವೂ ಸಿಕ್ಕಿತು.

ಮುಷ್ಟಿ ಸಡಿಲವಾಗಿರಲಿ, ತಾಗುವಾಗ ಮಾತ್ರ ಬಿಗಿ. ಮೊದಲಿಂದಲೇ ಬಿಗಿ ಹಿಡಿದರೆ ತೋಳಿನ ಸ್ನಾಯುಗಳು ಒಂದನ್ನೊಂದು ತಡೆಯುತ್ತವೆ. ಮೂರನೇ ರೌಂಡಿಗೆ ಕೈ ಏಳದಿರಲು ಇದೂ ಕಾರಣ ಇರಬಹುದು. ಪ್ರತಿ ಹೊಡೆತಕ್ಕೂ ಉಸಿರು ಚುರುಕಾಗಿ ಹೊರಗೆ ಬಿಡಿ. ಕೈ ಹೋದಷ್ಟೇ ಬೇಗ ಕೆನ್ನೆಗೆ ವಾಪಸ್ ಬರಲಿ, ಇಲ್ಲದಿದ್ದರೆ ಎರಡನೇ ಹೊಡೆತ ತಡವಾಗುತ್ತೆ. ಕ್ರಾಸ್‌ನಲ್ಲಿ ಹಿಂಗಾಲಿನ ಹಿಮ್ಮಡಿ, ಸೊಂಟ ಮೊದಲು ತಿರುಗಬೇಕು.

ದುಡ್ಡು ಹಾಕೋದಾದರೆ ಡಬಲ್ ಎಂಡ್ ಬ್ಯಾಗ್‌ಗೆ (ಮೇಲೆ ಕೆಳಗೆ ರಬ್ಬರ್ ಹಗ್ಗದಿಂದ ಕಟ್ಟೋ ಸಣ್ಣ ಚೆಂಡು) ಹಾಕಿ. ಮುಖದ ಎತ್ತರಕ್ಕೆ ಕಟ್ಟಿ. ರಬ್ಬರ್ ಹಗ್ಗ ಬಿಗಿಯಾದಷ್ಟೂ ಬೇಗ ತಿರುಗಿ ಬರುತ್ತೆ, ಆದ್ದರಿಂದ ಶುರುವಿನಲ್ಲಿ ಸಡಿಲ ಇರಲಿ.

ಎಡಗೈ (ಮಂಡ್ಯ):
ಬೆಟ್ಟದ ವಿಷಯ ಹೇಳೋದು ಬಿಟ್ಟುಹೋಯ್ತು. ಸಾವಿರ ಮೆಟ್ಟಿಲು ದಮ್ಮಿಗೆ ಒಳ್ಳೆಯದು, ಕೈ ವೇಗಕ್ಕೆ ಅಲ್ಲ. ವೇಗದ ತಾಲೀಮು ಇರೋ ದಿನ ಹತ್ತಬೇಡಿ. ಬದಲಿಗೆ ಯಾವುದಾದರೂ ಮೈದಾನದಲ್ಲಿ 20 ಮೀಟರ್ ಓಟ ಆರು ಸಲ, ನಡೆದು ವಾಪಸ್. 2-3 ಕೆಜಿ ಮೆಡಿಸಿನ್ ಬಾಲ್ (ತಾಲೀಮಿನ ಭಾರದ ಚೆಂಡು) ಎದೆಯಿಂದ ಗೋಡೆಗೆ ಎಸೆಯೋದು ಐದೈದರಂತೆ ಮೂರು ಸಲ. ಡಂಬೆಲ್ಲಿಗಿಂತ ಇದು ಎಷ್ಟೋ ಮೇಲು, ಕೈಯಿಂದ ಚೆಂಡು ಬಿಟ್ಟುಹೋಗೋದರಿಂದ ಕೊನೆಯಲ್ಲಿ ತೋಳನ್ನು ತಡೆದು ನಿಲ್ಲಿಸಬೇಕಾಗಿಲ್ಲ.

ಕುವೆಂಪುನಗರ ಹುಡುಗ (ಮೈಸೂರು):
ಥ್ಯಾಂಕ್ಸ್ ಸರ್. ಬ್ಯಾಗ್ ಮೇಲೆ ಈ 6 ಸೆಕೆಂಡಿನ ಕೆಲಸಕ್ಕೆ 16 ಔನ್ಸ್ ಗ್ಲೌಸ್ ನಡೆಯುತ್ತಾ?

ಪ್ಯಾಡ್ ಹಿಡಿಯುವವ:
16 ಸ್ಪಾರಿಂಗ್‌ಗೆ (ಜೊತೆಗಾರನ ಜೊತೆ ಅಭ್ಯಾಸದ ಕಾದಾಟಕ್ಕೆ) ಇಡಿ. ಇದಕ್ಕೆ 10 ಅಥವಾ 12. ಒಳಗೆ ಬ್ಯಾಂಡೇಜ್ (ಕೈಗೆ ಸುತ್ತೋ ಬಟ್ಟೆಪಟ್ಟಿ) ಮಾತ್ರ ತಪ್ಪದೆ ಸುತ್ತಿ, ಮಣಿಕಟ್ಟಿಗೆ ಎರಡು ಸುತ್ತು ಹೆಚ್ಚೇ ಇರಲಿ.