ಸಣ್ಣ ಧಾರ್ಮಿಕ ಕಾಲೇಜು: ಮಗ ಅಲ್ಲಿ ಹೊಂದಿಕೊಳ್ತಾನಾ?

ನಮ್ಮ ಅಮೆರಿಕದ ಕನ್ನಡಿಗರ ಗುಂಪಿನಲ್ಲಿ ಟೆಕ್ಸಾಸಿನ ಅಕ್ಕಾವ್ರು ನಿನ್ನೆ ಕೇಳಿದ್ದಕ್ಕೆ ಸ್ವಲ್ಪ ಉದ್ದದ ಉತ್ತರ. ಮಗನಿಗೆ ಲುಥೆರನ್ ಚರ್ಚಿನ (ಪ್ರಾಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ಸಣ್ಣ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಸ್ಕಾಲರ್‌ಶಿಪ್ಪೂ ಚೆನ್ನಾಗಿದೆ, ಮೇ 1ರೊಳಗೆ ಡಿಪಾಸಿಟ್ ಕಟ್ಟಬೇಕು. ಕಳಿಸೋದಾ ಬೇಡವಾ? ನಾನೀಗ ವಿಜಯಪುರದಲ್ಲಿ ಅಪ್ಪನ ಮನೆಯಲ್ಲಿದ್ದೇನೆ. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಕಾಲಿಡುವ ಹಾಗಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಮನೆಮಂದಿಯೆಲ್ಲ ಕೂತು ಜಗ್ಗಾಡಿದರು.

ಗುಂಪಿನಲ್ಲಿ ಹೆಚ್ಚಿನವರಿಗೆ ಮತಾಂತರದ ಹೆದರಿಕೆ. ಇಲ್ಲಿ ಉಲ್ಟಾ. ನಮ್ಮ ಕಾಕಾ ನಕ್ಕುಬಿಟ್ಟರು. "ನಾವೂ ಸಂಘದ ಕಾಲೇಜಿನ್ಯಾಗ ಕಲತವ್ರ. ಏನಾತು ನಮಗ?" ಅಂದರು. ಅವರು ಹೇಳೋದೂ ಸರಿಯೇ. ನಮ್ಮ ಕಡೆ ಓದಿನ ದಾರಿ ಮಾಡಿಕೊಟ್ಟಿದ್ದೇ ಒಂದೊಂದು ಸಮಾಜದವರು ಕಟ್ಟಿದ ಇಂಥ ಸಂಘಗಳು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರದ್ದು. ಫ. ಗು. ಹಳಕಟ್ಟಿಯವರು ಇಲ್ಲಿ ಬಿ.ಎಲ್.ಡಿ.ಇ. ಅನ್ನೋ ಲಿಂಗಾಯತ ಶಿಕ್ಷಣ ಸಂಸ್ಥೆ ಶುರು ಮಾಡಿದ್ದು 1910ರಲ್ಲಿ. ಬೆಳಗಾವಿಯಲ್ಲಿ ಏಳು ಜನ ಮೇಷ್ಟರು ಸೇರಿ ಅಂಥದ್ದೇ ಕೆ.ಎಲ್.ಇ. ಸಂಸ್ಥೆ ಕಟ್ಟಿದ್ದು 1916ರಲ್ಲಿ. ಅದೇ ಬೆಳಗಾವಿಯ ಸೇಂಟ್ ಪಾಲ್ಸ್ ಅಂತೂ 1856ರ ಕ್ರೈಸ್ತ ಶಾಲೆ. ಪಾದ್ರಿಗಳ ಕೈಕೆಳಗೆ ಕಲಿತ ಲಿಂಗಾಯತ, ಮರಾಠಾ, ಮುಸ್ಲಿಂ ಹುಡುಗರು ಇದ್ದ ಹಾಗೇ ಹೊರಗೆ ಬಂದರು.

ಆದರೆ ಕಾಕಾನ ಲೆಕ್ಕ ಅಮೆರಿಕಕ್ಕೆ ಪೂರ್ತಿ ಹೊಂದುವುದಿಲ್ಲ. ನಮ್ಮಲ್ಲಿ ಆಡಳಿತ ಮಂಡಳಿ ಒಂದು ಸಮಾಜದ್ದು, ಸಿಲಬಸ್ ಯೂನಿವರ್ಸಿಟಿಯದ್ದು, ಹುಡುಗರು ಊರಿನ ಎಲ್ಲ ಓಣಿಯವರು. ಬಸವ ಜಯಂತಿಗೆ ಒಂದು ಹಾರ, ಎರಡು ಭಾಷಣ. ಸಂಜೆ ಬಸ್ ಹತ್ತಿದರೆ ಮನೆ. ಅಲ್ಲಿ ಹಾಗಲ್ಲ. ಸಣ್ಣ ಊರು, ಹೆಚ್ಚೆಂದರೆ ಎರಡು ಮೂರು ಸಾವಿರ ಹುಡುಗರು, ನಾಲ್ಕೂ ವರ್ಷ ಕ್ಯಾಂಪಸ್ಸಿನಲ್ಲೇ ವಾಸ. ಕ್ಲಾಸಿನಲ್ಲಿ ಪಕ್ಕ ಕೂತವನೇ ರಾತ್ರಿ ಊಟದ ಮೇಜಿನಲ್ಲೂ ಇರುತ್ತಾನೆ. ಇವರ ಜೊತೆ ಹೊಂದಿಕೆಯಾಗಲಿಲ್ಲ, ಬೇರೆ ಗುಂಪು ನೋಡೋಣ ಅಂದರೆ ಆ ಬೇರೆ ಗುಂಪೇ ಇರುವುದಿಲ್ಲ. ನನ್ನ ಪ್ರಕಾರ ಯೋಚಿಸಬೇಕಾದ್ದು ಇದನ್ನು. ಧರ್ಮದ ಮಾತು ಆಮೇಲೆ.

ನನ್ನ ಮಗಳು ಇಂಥದ್ದೇ ಒಂದು ಕಾಲೇಜಿನಲ್ಲಿದ್ದಾಳೆ, ಹೆಸರು ಬೇಡ. ಮತಾಂತರದ ಮಾತು ಯಾರೂ ಎತ್ತಲಿಲ್ಲ. ಎಲ್ಲರೂ ಒಳ್ಳೆಯವರೇ. ಆದರೆ ಊಟಕ್ಕೆ ಮೊದಲು ಮೇಜಿನ ಸುತ್ತ ಎಲ್ಲರೂ ಕೈ ಹಿಡಿದುಕೊಂಡು ಪ್ರಾರ್ಥನೆ. ಇವಳ ಎಡಗೈ ಒಬ್ಬಳ ಕೈಯಲ್ಲಿ, ಬಲಗೈ ಇನ್ನೊಬ್ಬಳ ಕೈಯಲ್ಲಿ. ಕಣ್ಣು ಮುಚ್ಚಬೇಕೋ ಬಿಡಬೇಕೋ ತಿಳಿಯದೆ ತಟ್ಟೆಯಲ್ಲಿನ ಪಾಸ್ತಾ ನೋಡುತ್ತಾ ಕೂರುತ್ತಿದ್ದಳಂತೆ. ಬುಧವಾರ ರಾತ್ರಿ ಮಹಡಿಯ ಹುಡುಗಿಯರೆಲ್ಲ ಬೈಬಲ್ ಓದಲು ಹೋಗುತ್ತಿದ್ದರು. ಕರೆದರೆ ಮುಜುಗರ, ಕರೆಯದಿದ್ದರೆ ಬೇಜಾರು. ಮೊದಲ ಸೆಮಿಸ್ಟರ್ ಪೂರ್ತಿ ಫೋನಿನಲ್ಲಿ ಇದೇ ಗೋಳು.

ಓದಿನಲ್ಲಿ ಆದದ್ದೇ ಬೇರೆ. ಧರ್ಮದ ಬಗ್ಗೆ ಒಂದು ಕೋರ್ಸ್ ಕಡ್ಡಾಯ ಇತ್ತು. ಪ್ರೊಫೆಸರ್ ಪಾದ್ರಿಯೂ ಹೌದು. ಒಳ್ಳೆಯವರಿಗೇ ಯಾಕೆ ಕಷ್ಟ ಬರುತ್ತದೆ ಅನ್ನೋ ಚರ್ಚೆ ನಡೆದಾಗ ಇವಳ ಕಡೆ ತಿರುಗಿ, "ನಿಮ್ಮ ಮನೆಯಲ್ಲಿ ಇದಕ್ಕೆ ಏನು ಹೇಳುತ್ತಾರೆ?" ಅಂತ ಕೇಳಿದರು. ಕರ್ಮ ಅನ್ನೋದು ಬಿಟ್ಟರೆ ಇವಳ ಬಾಯಿಗೆ ಬೇರೇನೂ ಬರಲಿಲ್ಲ. ಅವತ್ತೇ ಅಜ್ಜನಿಗೆ ಫೋನ್. ನನ್ನ ಅಪ್ಪ ವಾಟ್ಸಾಪಿನಲ್ಲಿ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸತೊಡಗಿದರು: ಇಷ್ಟಲಿಂಗ ಅಂದರೇನು, ಕಾಯಕ ಅಂದರೇನು, ಶರಣರು ಗುಡಿಯನ್ನು ಯಾಕೆ ಒಪ್ಪಲಿಲ್ಲ. ಕೊನೆಗೆ ವಚನಗಳ ಮೇಲೇ ಪೇಪರ್ ಬರೆದಳು. (ನಮ್ಮ ಭಾನುವಾರದ ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋಗಬೇಕಿದ್ದ ಹುಡುಗಿ ಇವಳು!) ದೊಡ್ಡ ಯೂನಿವರ್ಸಿಟಿಯಲ್ಲಿ ಮುನ್ನೂರು ಜನ ಕೂತ ಕ್ಲಾಸಿನಲ್ಲಿ ಇವಳ ಮನೆಯ ವಿಚಾರ ಯಾರು ಕೇಳುತ್ತಿದ್ದರು ಹೇಳಿ? ದೇವರ ವಿಷಯ ಮನಸ್ಸಿಟ್ಟು ಮಾತಾಡುವ ಜಾಗದಲ್ಲೇ ಇದು ಆಗೋದು.

ಹಾಗಂತ ಎಲ್ಲ ಒಂದೇ ಥರ ಇಲ್ಲ. ಮಿನೆಸೋಟದ ಸೇಂಟ್ ಓಲಾಫ್ 1874ರ ಲುಥೆರನ್ ಕಾಲೇಜು. ಅಲ್ಲಿ ಚಾಪೆಲ್ಲಿಗೆ (ಕಾಲೇಜಿನ ಪ್ರಾರ್ಥನೆಗೆ) ಹೋಗುವುದು ಬಿಡುವುದು ನಿಮ್ಮಿಷ್ಟ. ಕ್ವೇಕರ್ ಅನ್ನೋ ಕ್ರೈಸ್ತ ಪಂಗಡದವರು 1833ರಲ್ಲಿ ಶುರು ಮಾಡಿದ ಹ್ಯಾವರ್‌ಫರ್ಡ್‌ನಲ್ಲಿ ಈಗ ಧರ್ಮದ ಕಟ್ಟು ಇಲ್ಲ, ಹುಡುಗರ ಮೇಲಿನ ನಂಬಿಕೆ ಮಾತ್ರ ಉಳಿದಿದೆ. ಪರೀಕ್ಷೆಗೂ ಮೇಲ್ವಿಚಾರಕರಿಲ್ಲ. ಇನ್ನು ಶಿಕಾಗೋ ಪಕ್ಕದ ವೀಟನ್ ಕಾಲೇಜು ನೋಡಿ. ಅಧ್ಯಾಪಕರು ಕ್ರೈಸ್ತ ನಂಬಿಕೆಯನ್ನು ಒಪ್ಪಿದ್ದೇವೆ ಅನ್ನೋ ಹೇಳಿಕೆಗೆ ಸಹಿ ಹಾಕಬೇಕು, ವಿದ್ಯಾರ್ಥಿಗಳು ನಡತೆಯ ಕರಾರು ಒಪ್ಪಬೇಕು, ಚಾಪೆಲ್ ಹಾಜರಿ ಕಡ್ಡಾಯ. 2015ರ ಡಿಸೆಂಬರಿನಲ್ಲಿ ಅಲ್ಲಿನ ಒಬ್ಬ ಮಹಿಳಾ ಪ್ರೊಫೆಸರ್ ಮುಸ್ಲಿಮರ ಬೆಂಬಲಕ್ಕೆ ಹಿಜಾಬ್ ತೊಟ್ಟರು, ಕ್ರೈಸ್ತರೂ ಮುಸ್ಲಿಮರೂ ಪೂಜಿಸುವ ದೇವರು ಒಬ್ಬನೇ ಅಂತ ಬರೆದರು. ಕಾಲೇಜು ಅವರನ್ನು ರಜೆಯ ಮೇಲೆ ಕಳಿಸಿತು. ಮುಂದಿನ ಫೆಬ್ರವರಿಯಲ್ಲಿ ಎರಡೂ ಕಡೆಯವರು ಒಪ್ಪಿ ಬೇರೆಯಾದರು. ಆ ಕಾಲೇಜು ತನ್ನ ನಿಯಮ ಮುಚ್ಚಿಟ್ಟಿರಲಿಲ್ಲ ಬಿಡಿ. ಆದರೆ ದೇವನೊಬ್ಬ ನಾಮ ಹಲವು ಅಂತ ಕೇಳಿ ಬೆಳೆದ ನಮ್ಮ ಮಕ್ಕಳು ಅಲ್ಲಿ ಹೇಗೆ ಬಾಯಿ ಬಿಡಬೇಕು?

ಅಕ್ಕಾವ್ರೇ, ಯಾರು ಯಾವುದಕ್ಕೆ ಸಹಿ ಹಾಕಬೇಕು ಅಂತ ಮೊದಲು ನೋಡಿ. ಮಗನೇ ನಂಬಿಕೆಗೆ ಸಹಿ ಹಾಕಬೇಕು ಅಂದರೆ ಸ್ಕಾಲರ್‌ಶಿಪ್ ಎಷ್ಟೇ ಇರಲಿ, ಬಿಟ್ಟುಬಿಡಿ. ಸುಮ್ನೆ ಸುಳ್ಳು ಬರೆಸಿ ಕಳಿಸೋದು ಬೇಡ. ಅಧ್ಯಾಪಕರು ಮಾತ್ರ ಹಾಕುತ್ತಾರೆ ಅಂದರೂ ಅದು ಪಾಠಕ್ಕೆ ಅಡ್ಡ ಬರಬಹುದು, ಹಾಗಾಗಿ ಬಯಾಲಜಿಯಲ್ಲಿ ವಿಕಾಸವಾದ ಹೇಗೆ ಕಲಿಸುತ್ತಾರೆ ಅಂತ ಕೇಳಿ.

ಆಮೇಲೆ, ಸೀಟು ಸಿಕ್ಕ ಹುಡುಗರು ಬಂದು ಒಂದು ರಾತ್ರಿ ಹಾಸ್ಟೆಲ್ಲಿನಲ್ಲಿ ಉಳಿಯಲು ಬಹಳ ಕಾಲೇಜುಗಳು ಬಿಡುತ್ತವೆ. ನೀವು ಹೋಗಬೇಡಿ, ಅವನೊಬ್ಬನನ್ನೇ ಕಳಿಸಿ. ಶನಿವಾರ ಸಂಜೆ ಹುಡುಗರು ಏನು ಮಾಡುತ್ತಾರೆ, ಕ್ರೈಸ್ತರಲ್ಲದವರು ಯಾರ ಜೊತೆ ಊಟಕ್ಕೆ ಕೂರುತ್ತಾರೆ, ಇಷ್ಟು ನೋಡಿಕೊಂಡು ಬರಲಿ. ನಿಮ್ಮವನು ವಾದ ಜಾಸ್ತಿ ಮಾಡ್ತಾನೆ ಅಂದಿದ್ದೀರಿ. ಅದು ಒಳ್ಳೆಯದೇ. ಇಂಥ ಕಡೆ ವಾದ ಮಾಡುವವನಿಗೆ ಗೆಳೆಯರು ಸಿಗುತ್ತಾರೆ, ತಲೆ ತಗ್ಗಿಸಿ ಕೂರುವವನೇ ಒಂಟಿಯಾಗೋದು.

ಇನ್ನೊಂದು. ವರ್ಷದ ನಂತರ ಬೇರೆ ಕಡೆ ಹೋಗೋ ಹಾಗಾದರೆ ಬೈಬಲ್ ಕೋರ್ಸಿನ ಕ್ರೆಡಿಟ್ಟನ್ನು ನಿಮ್ಮ ಸ್ಟೇಟ್ ಯೂನಿವರ್ಸಿಟಿ ಒಪ್ಪುತ್ತದಾ ಅಂತ ಡಿಪಾಸಿಟ್ ಕಟ್ಟುವ ಮುಂಚೆಯೇ ಈಮೇಲ್ ಮಾಡಿ ಕೇಳಿ. ಬಾಯಿಮಾತು ಬೇಡ, ಬರಹದಲ್ಲೇ ತರಿಸಿಕೊಳ್ಳಿ.